ಎರ್ಮಿನಿಯಾ ಹುರಿದ ಡಿಕ್ಯಾಫ್

ಎರ್ಮಿನಿಯಾಳಿಗೆ ಎಪ್ಪತ್ತನಾಲ್ಕು ತುಂಬಿದೆ. ಮೊಣಕಾಲು ಮಾತು ಕೇಳುವುದಿಲ್ಲ, ಕನ್ನಡಕದ ಗಾಜು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದೆ. ನಾಲಿಗೆ ಮಾತ್ರ ಹೊಚ್ಚ ಹೊಸದು ಎಂದು ಅವಳೇ ಹೇಳಿಕೊಳ್ಳುತ್ತಾಳೆ. ಅದನ್ನು ಅಲ್ಲಗಳೆಯುವ ಧೈರ್ಯ ಕೋಬರ್ಗ್‌ನ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ.

ಹತ್ತೊಂಬತ್ತನೆಯ ವಯಸ್ಸಿಗೆ ಇಟಲಿಯ ಕಲಾಬ್ರಿಯಾದಿಂದ ಹಡಗು ಹತ್ತಿ ಮೆಲ್ಬರ್ನ್‌ಗೆ ಬಂದವಳು, ಬ್ರನ್ಸ್‌ವಿಕ್‌ನ ಕಾಫಿ ಹುರಿಯುವ ಶೆಡ್ಡೊಂದರಲ್ಲಿ ಚೀಲ ಹೊಲಿಯುವ ಕೆಲಸಕ್ಕೆ ಸೇರಿದಳು. ಮೂರನೆಯ ವರ್ಷ ಒಂದು ದಿನ, ಯಜಮಾನ ರುಚಿ ನೋಡಿ ಒಪ್ಪಿದ್ದ ಮೂಟೆಯ ಪಕ್ಕ ನಿಂತು, ಇದಕ್ಕೆ ಬೂಷ್ಟು ಹಿಡಿದಿದೆ ಎಂದುಬಿಟ್ಟಳು. ಯಜಮಾನನಿಗೆ ಮೈಯೆಲ್ಲ ಉರಿಯಿತು. ಮೂಟೆ ಬಿಚ್ಚಿ ತಳ ನೋಡಿದರೆ ಅವಳು ಹೇಳಿದ್ದೇ ನಿಜ. ಮರುದಿನ ಅವಳ ಕೈಯಿಂದ ಸೂಜಿ ಹೋಗಿ ಚಮಚ ಬಂತು. ಮುಂದಿನ ಮೂವತ್ತೊಂದು ವರ್ಷ ಅದೇ ಕೆಲಸ: ಚಮಚದಲ್ಲಿ ಕಾಫಿ ಎತ್ತು, ಸೊರ್ರೆಂದು ಎಳೆದುಕೋ, ಬಾಯೆಲ್ಲ ಆಡಿಸು, ಉಗಿ, ತೀರ್ಪು ಹೇಳು. ಅವಳ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಮನೆಯಲ್ಲೂ ಅದೇ ದರ್ಬಾರು. ಗಂಡ ಗಯೆತಾನೊ ಇದ್ದಾಗಿನಿಂದ ಭಾನುವಾರದ ಊಟ ಅವಳ ಮೇಜಿನಲ್ಲೇ. ಊಟವಾದ ಮೇಲೆ ಒಲೆಯ ಮೇಲೆ ಇಟಲಿಯವರು ಕಾಫಿ ಕುದಿಸುವ ಮೋಕಾ ಪಾತ್ರೆ ಗೊರಗೊರ ಅನ್ನಬೇಕು. ಕಾಫಿ ಮಾಡಿದವಳು ಮೊದಲ ಗುಟುಕು ಕುಡಿದು ತಲೆಯಾಡಿಸುವ ತನಕ ಯಾರೂ ಕಪ್ ಮುಟ್ಟುವಂತಿಲ್ಲ. ಇಸ್ಪೀಟು, ಜಗಳ, ಮದುವೆಯ ಮಾತು, ಎಲ್ಲ ಶುರುವಾಗುವುದು ಅದಾದ ಮೇಲೆಯೇ. ಗಯೆತಾನೊ ತೀರಿಕೊಂಡು ಒಂಬತ್ತು ವರ್ಷವಾದರೂ ಒಂದು ಭಾನುವಾರ ತಪ್ಪಿರಲಿಲ್ಲ.

ತಪ್ಪಿದ್ದು ಈ ವರ್ಷ ಏಪ್ರಿಲ್‌ನಲ್ಲಿ. ಮೂರನೆಯ ಕಪ್ ಮುಗಿಸಿ ಎದ್ದವಳ ಎದೆ ಬಲೆಗೆ ಬಿದ್ದ ಹಕ್ಕಿಯ ಹಾಗೆ ಪಟಪಟ ಬಡಿದುಕೊಳ್ಳತೊಡಗಿತು. ಸೊಸೆ ಬ್ರಯನಿ ಅವಳನ್ನು ಕಾರಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು. ಪ್ರಾಣಕ್ಕೇನೂ ಆಗಲಿಲ್ಲ. ಆದರೆ ಡಾಕ್ಟರು ಕೆಫೀನನ್ನು ಮುಟ್ಟಲೇಬಾರದು ಎಂದರು. ಎರ್ಮಿನಿಯಾ ಆಗಲಿ ಎಂದು ಗೋಣಾಡಿಸಿ ಮನೆಗೆ ಬಂದು, ಹತ್ತೇ ದಿನದಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕದ್ದು ಕುಡಿಯುವಾಗ ಮಗ ಎಲಿಯೊನ ಕೈಗೆ ಸಿಕ್ಕಿಬಿದ್ದಳು.

ಎಲಿಯೊ ಅಂದೇ ಊಟದ ಮೇಜಿನಲ್ಲಿ ಎಲ್ಲರೆದುರು ಹೇಳಿಬಿಟ್ಟ. "ಮಾ, ಸಾಕು ಇನ್ನು. ಭಾನುವಾರದ ಕಾಫಿ ಇನ್ಮೇಲೆ ನಮ್ಮನೇಲಿ. ಬ್ರಯನಿ ಹತ್ರ ಮಿಷಿನ್ ಇದೆ. ಡಬ್ಬಿ ಹಾಕಿದ್ರೆ ಡಿಕ್ಯಾಫ್ ಬರುತ್ತೆ, ಕೆಫೀನ್ ತೆಗೆದ ಕಾಫಿ. ಈ ಮೋಕಾ ನಾನು ತಗೊಂಡು ಹೋಗ್ತೀನಿ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎಂದು ಎರ್ಮಿನಿಯಾ ಮೋಕಾವನ್ನು ಎದೆಗವಚಿಕೊಂಡಳು. "ಕೆಟ್ಟಿರೋದು ನನ್ನ ಎದೆ. ಇದೇನು ಮಾಡ್ತು ನಿಂಗೆ? ಡಿಕ್ಯಾಫ್ ತಾನೆ ಬೇಕು? ನಾನೇ ಮಾಡ್ತೀನಿ. ಇದೇ ಪಾತ್ರೇಲಿ."

ಮೇಜಿನ ಆ ತುದಿಯಲ್ಲಿದ್ದ ಸವೇರಿಯೊ ಹೊಟ್ಟೆ ಕುಲುಕುವಂತೆ ನಕ್ಕ. ಅವನು ಗಯೆತಾನೊನ ಅಣ್ಣ, ಎಂಬತ್ತೆರಡರ ಒಂಟಿ ಜೀವ. ನಾಲಿಗೆ ಮಾತ್ರ ಮೆಣಸಿನಕಾಯಿ. "ಡಿಕ್ಯಾಫಾ? ಹಲ್ಲು ಕಿತ್ತ ಹಾವು ಅದು, ಎರ್ಮಿನಿ. ಆಡಿಸ್ಬೋದು ಅಷ್ಟೆ. ನೂರು ಕಪ್ ಮಧ್ಯೆ ಇಟ್ರೂ ಮೂಗಲ್ಲೇ ಹಿಡ್ದು ಎತ್ತಿ ಹೊರಗೆ ಹಾಕ್ತೀನಿ."

"ನೂರು ಬೇಡ, ಮೂರು ಸಾಕು," ಎಂದಳು ಎರ್ಮಿನಿಯಾ. ಅವಳಿಗೆ ರೋಷ ಬಂದಿತ್ತು. "ಎರಡರಲ್ಲಿ ನೀವು ದಿನಾ ಕುಡಿಯೋ ಕಾಫಿ, ಒಂದರಲ್ಲಿ ನಂದು. ನಮ್ಮ ಶೆಡ್ಡಲ್ಲಿ ಪರೀಕ್ಷೆ ಅಂದ್ರೆ ಹೀಗೇನೇ. ನನಗೆ ಮೂರು ಭಾನುವಾರ ಟೈಮ್ ಕೊಡಿ. ಮೂರನೇ ಭಾನುವಾರ ನೀವು ನಂದನ್ನ ಹುಡುಕಿಬಿಟ್ರೆ ಮೋಕಾ ಎಲಿಯೊಗೆ. ಭಾನುವಾರಾನೂ ಅವನಿಗೇ. ಹುಡುಕಕ್ಕಾಗ್ಲಿಲ್ವಾ, ಮತ್ತೆ ಯಾರೂ ತುಟಿ ಬಿಚ್ಚಬಾರದು."

ಎಲಿಯೊ ಹೆಂಡತಿಯ ಮುಖ ನೋಡಿದ. ಬ್ರಯನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಆದರೂ ಆಗಲಿ ಎಂದಳು, ಮೂರು ವಾರದಲ್ಲಿ ಅತ್ತೆ ತಾನಾಗಿಯೇ ಸುಮ್ಮನಾಗುತ್ತಾಳೆ ಎಂದುಕೊಂಡು. ಹದಿನೆಂಟು ವರ್ಷ ಸೊಸೆಯಾಗಿದ್ದೂ ಅತ್ತೆಯನ್ನು ಅಷ್ಟು ತಪ್ಪು ಅಂದಾಜು ಮಾಡಿದಳು ಪಾಪ.

ಮೊದಲ ಭಾನುವಾರಕ್ಕೆ ಎರ್ಮಿನಿಯಾ ಅಂಗಡಿಯಿಂದ ಹುರಿದು ಪುಡಿ ಮಾಡಿದ ಡಿಕ್ಯಾಫ್ ತಂದಳು. ಚಮಚದಲ್ಲಿ ಎಳೆದುಕೊಂಡವಳ ಮುಖ ಕಿವುಚಿತು. ನೆನೆದ ರಟ್ಟಿನ ರುಚಿ. ಸವೇರಿಯೊಗೆ ಕಪ್ ಮುಟ್ಟುವ ಅಗತ್ಯವೂ ಬೀಳಲಿಲ್ಲ, ದೂರದಿಂದಲೇ ಕೈಮುಗಿದ. ಅವಳಿಗೆ ಬೇಜಾರೇನೂ ಆಗಲಿಲ್ಲ. ಬೇರೆಯವರು ಹುರಿದದ್ದು ಕೆಟ್ಟಿದ್ದರೆ ಅವಳಿಗೆ ಒಳಗೊಳಗೇ ಖುಷಿ.

ಸೋಮವಾರವೇ ಹಳೆಯ ಶೆಡ್ಡಿಗೆ ಹೋಗಿ ಪಾಪುವಾ ನ್ಯೂಗಿನಿಯ ಹಸಿ ಬೀಜವನ್ನೇ ತಂದಳು, ನೀರಿನಲ್ಲಿ ತೊಳೆದು ಕೆಫೀನ್ ತೆಗೆದದ್ದು. ಹಿತ್ತಲಿನ ಗ್ಯಾರೇಜಿನಲ್ಲಿ, ಟೊಮೇಟೊ ಸಾಸಿನ ಬಾಟಲಿಗಳ ಸಾಲಿನ ಪಕ್ಕ, ಗಯೆತಾನೊ ಮಾಡಿಕೊಟ್ಟ ಕೈಯಲ್ಲಿ ತಿರುಗಿಸುವ ಕಬ್ಬಿಣದ ಡ್ರಮ್ಮು ಗ್ಯಾಸ್ ಒಲೆಯ ಮೇಲೆ ಕೂತಿರುತ್ತದೆ. ಬಣ್ಣ ನೋಡಿ ಇಳಿಸುವುದು ಅವಳ ಪದ್ಧತಿ. ಹಸಿರು ಹೋಗಿ ಹಳದಿ, ಹಳದಿ ಹೋಗಿ ಕಂದು, ಕಂದು ಚೆಸ್ಟ್‌ನಟ್ ಕಾಯಿಯ ಕೆಂಗಂದು ಬಣ್ಣಕ್ಕೆ ತಿರುಗಿದ ಕ್ಷಣ ಹೊರಗೆ. ಗಡಿಯಾರ ನೋಡುವವರನ್ನು ಕಂಡರೆ ಅವಳಿಗೆ ಅಸಡ್ಡೆ. ಆ ದಿನವೂ ಹಾಗೆಯೇ ಮಾಡಿದಳು. ಏಳೇ ನಿಮಿಷಕ್ಕೆ ಸೊಗಸಾದ ಬಣ್ಣ ಬಂತು. ಇಳಿಸಿ, ಆರಿಸಿ, ಸೆರಗಿಲ್ಲದಿದ್ದರೂ ಸೆರಗು ಸಿಕ್ಕಿಸಿಕೊಂಡವಳ ಠೀವಿಯಲ್ಲಿ ಒಳಗೆ ಬಂದಳು.

ಎರಡನೆಯ ಭಾನುವಾರ ಸವೇರಿಯೊ ಒಂದು ಗುಟುಕು ಕುಡಿದು ಕಪ್ ಕೆಳಗಿಟ್ಟ. "ಹಸಿ ಕಡಲೆಕಾಯಿ ತೊಳೆದ ನೀರು. ಜೊತೆಗೆ ಸ್ವಲ್ಪ ನಿಂಬೆಹಣ್ಣು. ಆರೋಗ್ಯಕ್ಕೆ ಒಳ್ಳೇದು ಬಿಡು."

ಎಲಿಯೊ ನಗಲಿಲ್ಲ. ಅಮ್ಮನ ಕಿವಿ ಕೆಂಪಾಗಿದ್ದನ್ನು ಅವನು ನೋಡಿದ್ದ. ಆ ರಾತ್ರಿ ಎರ್ಮಿನಿಯಾ ಊಟ ಮಾಡಲಿಲ್ಲ. ತನ್ನ ಮೇಜಿನಲ್ಲಿ, ತಾನು ಹುರಿದ ಕಾಫಿಗೆ, ಅದೂ ಸರಿಯಾಗಿಯೇ ಸಿಕ್ಕ ಬೈಗುಳ. ಸವೇರಿಯೊ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂಬುದೇ ಅವಳನ್ನು ಹೆಚ್ಚು ಸುಟ್ಟಿತು.

ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಹೋಗಿ ಉಳಿದ ಒಂದು ಬೀಜವನ್ನು ಹಲ್ಲಿಗೆ ಕೊಟ್ಟಳು. ಸರಿಯಾಗಿ ಹುರಿದ ಬೀಜ ಟಕ್ಕೆಂದು ಮುರಿಯಬೇಕು. ಇದು ತೊಗಲಿನ ಹಾಗೆ ಬಗ್ಗಿತು. ಒಳಗೆ ಹಸಿ! ಹುರಿಯದ ಬೀಜದ ಚೀಲ ಬಿಚ್ಚಿ ಬೆಳಕಿಗೆ ಹಿಡಿದಳು. ಆಗ ಹೊಳೆಯಿತು, ಗ್ಯಾರೇಜಿನ ಮಬ್ಬಿನಲ್ಲಿ ಕಾಣದೇ ಹೋದದ್ದು. ಈ ಬೀಜ ಹಸಿರೇ ಇಲ್ಲ. ನೀರಿನಲ್ಲಿ ತೊಳೆದು ತೊಳೆದು ಅದು ಒಲೆ ಕಾಣುವ ಮೊದಲೇ ಕಂದು. ಅರ್ಧ ಬಣ್ಣ ಹೊತ್ತುಕೊಂಡೇ ಡ್ರಮ್ಮಿಗೆ ಬಿದ್ದದ್ದು ಬೇಗ ಚೆಸ್ಟ್‌ನಟ್ ಆಗದೆ ಇನ್ನೇನು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಐವತ್ತು ವರ್ಷ ಕಣ್ಣನ್ನು ನಂಬಿದವಳಿಗೆ ಕಣ್ಣೇ ಕೈಕೊಟ್ಟಿತ್ತು. ಕಾಫಿಯ ಗಂಧವಿಲ್ಲದ ಯಾರೋ ಗಡಿಯಾರ ನೋಡಿಕೊಂಡು ಹುರಿದಿದ್ದರೂ ಈ ತಪ್ಪು ಆಗುತ್ತಲೇ ಇರಲಿಲ್ಲ. ಅದನ್ನು ನೆನೆದು ಅವಳಿಗೆ ಮತ್ತೂ ಸಿಟ್ಟು ಬಂತು.

ಗುರುವಾರ ಮಾತ್ರೆ ಕೊಡಲು ಬಂದ ಬ್ರಯನಿ ಗ್ಯಾರೇಜಿನ ಬಾಗಿಲಲ್ಲಿ ಹೌಹಾರಿ ನಿಂತಳು. ಉರಿಯುವ ಒಲೆಯ ಮುಂದೆ ಅತ್ತೆ, ಗಯೆತಾನೊನ ಮಫ್ಲರನ್ನು ಕಣ್ಣಿಗೆ ಕಟ್ಟಿಕೊಂಡು ಡ್ರಮ್ಮು ತಿರುಗಿಸುತ್ತಿದ್ದಳು.

"ಮಾ! ಏನಾಗಿದೆ ನಿಮಗೆ? ಕೈ ಸುಟ್ಕೋತೀರಾ!"

"ಬಂದ್ಯಾ? ಒಳ್ಳೇದಾಯ್ತು. ಬಂದು ಹಿಡಿ ತಿರುಗಿಸು. ನಿಧಾನಕ್ಕೆ. ಮಾತಾಡ್ಬೇಡ."

"ಕಣ್ಣು ಬಿಚ್ಚಿ ಮೊದ್ಲು."

"ಬಿಚ್ಚಲ್ಲ. ಬಿಚ್ಚಿದ್ರೆ ಅದು ನೋಡುತ್ತೆ. ನೋಡಿದ್ರೆ ಇಳಿಸು ಅನ್ನುತ್ತೆ. ಅದರ ಮಾತು ಕೇಳಿ ಕೆಟ್ಟಿದೀನಿ ಒಂದ್ಸಲ."

ಬ್ರಯನಿ ಗೊಣಗುತ್ತಲೇ ಹಿಡಿ ತೆಗೆದುಕೊಂಡಳು. ಡ್ರಮ್ಮಿನೊಳಗೆ ಬೀಜ ಗರಗರ ಉರುಳಿತು.

"ಮಾ, ಕಪ್ಪಾಗ್ತಾ ಇದೆ."

"ಆಗ್ಲಿ."

"ತುಂಬಾ ಕಪ್ಪಾಗ್ತಿದೆ ಮಾ!"

"ಬಾಯ್ಮುಚ್ಚೇ ಹುಡುಗಿ, ನಾನು ಕೇಳಿಸ್ಕೋತಾ ಇದೀನಿ."

ಮಾಮೂಲಿ ಬೀಜ ಕಾದಾಗ ಚಟಪಟ ಎಂದು ಜೋರಾಗಿ ಸಿಡಿಯುತ್ತದೆ. ಇದರ ದನಿ ಸಣ್ಣದು, ಪಕ್ಕದ ಮನೆಯಲ್ಲಿ ಯಾರೋ ಸಾಸಿವೆ ಸಿಡಿಸಿದಷ್ಟು. ಎರ್ಮಿನಿಯಾ ಮೂಗರಳಿಸಿದಳು. ಬ್ರೆಡ್ಡಿನ ವಾಸನೆ ಹೋಗಿ ಬೆಲ್ಲ ಕರಗುವ ವಾಸನೆ ಬಂತು. ಒಂದು, ಎರಡು ಎಂದು ಎಣಿಸಿ ನಲವತ್ತಕ್ಕೆ "ಇಳಿಸು!" ಎಂದು ಕೂಗಿದಳು.

ಬೀಜ ತಟ್ಟೆಯಲ್ಲಿ ಆರುತ್ತಿರುವಾಗ ಬ್ರಯನಿ ಮಫ್ಲರಿನ ಗಂಟು ಬಿಚ್ಚಿದಳು. "ಆವತ್ತು ಕಾರಲ್ಲಿ ಒಂದ್ಕೈಲಿ ಸ್ಟಿಯರಿಂಗ್ ಹಿಡ್ದಿದ್ದೆ, ಇನ್ನೊಂದ್ಕೈಲಿ ನಿಮ್ಮ ಮಣಿಕಟ್ಟು. ನಾಡಿ ಸಿಗ್ತಾನೇ ಇರ್ಲಿಲ್ಲ ಮಾ. ಮೋಕಾ ಮೇಲೆ ನಂಗೇನು ದ್ವೇಷ ಇಲ್ಲ. ಭಯ, ಅಷ್ಟೆ."

ಎರ್ಮಿನಿಯಾ ತಟ್ಟೆಯಿಂದ ಒಂದು ಬೀಜ ತೆಗೆದು ಸೊಸೆಯ ಬಾಯಿಗಿಟ್ಟಳು. ಅದು ಟಕ್ಕೆಂದಿತು. ಇಬ್ಬರೂ ನಕ್ಕರು.

ಈ ಬೀಜ ಬೇಗ ಪುಡಿಪುಡಿಯಾಗುತ್ತದೆ ಎಂಬುದು ಶುಕ್ರವಾರ ತಿಳಿಯಿತು. ಪುಡಿ ಸ್ವಲ್ಪ ತರಿಯಾಗಿ ಬೀಳಲೆಂದು ಬೀಸುವ ಯಂತ್ರವನ್ನು ಎರಡು ಹಲ್ಲು ಸಡಿಲ ಮಾಡಿದಳು. ಒಲೆ ಸಣ್ಣಗಿಟ್ಟಳು. ಶನಿವಾರ ಸಂಜೆ ಚಮಚದಲ್ಲಿ ಎಳೆದುಕೊಂಡು, ಉಗಿಯದೆ ನುಂಗಿದಳು.

ಮೂರನೆಯ ಭಾನುವಾರ ಊಟದ ತಟ್ಟೆ ತೆಗೆದ ಮೇಲೆ, ಪಕ್ಕದ ಮನೆಯಿಂದ ತಂದ ಇನ್ನೊಂದೂ ಸೇರಿ ಎರಡು ಮೋಕಾಗಳು ಕುದಿದವು. ಒಂದರಲ್ಲಿ ಮಾಮೂಲಿ, ಒಂದರಲ್ಲಿ ಅವಳದು. ಕುದಿಸಿಟ್ಟು ಎರ್ಮಿನಿಯಾ ಹೊರಗೆ ಬಂದು ಕೂತಳು. ಕಪ್‌ಗೆ ಬಗ್ಗಿಸಿ, ತಳಕ್ಕೆ ಗುರುತಿನ ಚೀಟಿ ಅಂಟಿಸುವುದು ಬ್ರಯನಿಯ ಕೆಲಸ. ಸವೇರಿಯೊನ ಮುಂದೆ ಮೂರು ಕಪ್ ಬಂದವು. ಅವನು ಮೂಗಿನಲ್ಲಿ ಹಿಡಿದ, ತುಟಿಯಲ್ಲಿ ಹಿಡಿದ, ಕಣ್ಣು ಮುಚ್ಚಿ ಸಂತನ ಹಾಗೆ ಕೂತ. ಕೊನೆಗೆ ಎಡಗಡೆಯದನ್ನು ಎತ್ತಿ, "ಇದೇ ಹಲ್ಲಿಲ್ಲದ ಹಾವು," ಎಂದ. ಬ್ರಯನಿ ಕಪ್ ಎತ್ತಿ ತಳ ತೋರಿಸಿದಳು. ಮಾಮೂಲಿ ಕಾಫಿ.

"ಒಂದ್ಸಲ ಲೆಕ್ಕಕ್ಕಿಲ್ಲ. ಗಂಟಲಲ್ಲಿ ಸಾಸೇಜಿನ ಖಾರ ಇತ್ತು," ಎಂದು ಸವೇರಿಯೊ ನೀರು ಕುಡಿದು ಮತ್ತೊಮ್ಮೆ ಕೂತ. ಎರಡನೆಯ ಸಲವೂ ಮಾಮೂಲಿಯನ್ನೇ ಎತ್ತಿದ. ಎಲಿಯೊ ಮೇಜು ಗುದ್ದಿ ನಕ್ಕ. "ಮುಗೀತು ಮಾ. ಮೋಕಾ ನಿಂದೇ. ಭಾನುವಾರಾನೂ ನಿಂದೇ."

ಸೋತ ಮುದುಕ ಸುಮ್ಮನಿರುತ್ತಾನೆಯೇ? "ನಾನು ಕತ್ತೆ, ಒಪ್ಕೊಂಡೆ. ನೀನು ಶೆಡ್ಡಿನ ಮಹಾರಾಣಿ ಅಲ್ವಾ? ನೀನು ಹುಡುಕು ನೋಡೋಣ."

"ನಾನಾ? ನಿದ್ದೆಗಣ್ಣಲ್ಲೂ ಹುಡುಕ್ತೀನಿ."

ಬ್ರಯನಿ ಒಳಗೆ ಹೋದಳು. ಬರುವುದು ಸ್ವಲ್ಪ ತಡವಾಯಿತು. ಮೂರು ಕಪ್ ಇಟ್ಟು, "ಮಾ, ನಿಮಗೆ ಎರಡು ಡಿಕ್ಯಾಫ್, ಒಂದು ಮಾತ್ರ ಮಾಮೂಲಿ. ಮಾಮೂಲೀದು ಯಾವ್ದು ಹೇಳಿ. ನುಂಗಬೇಡಿ, ಉಗೀರಿ," ಎಂದಳು.

ಎರ್ಮಿನಿಯಾ ಚಮಚ ಎತ್ತಿದಳು. ಸೊರ್ರೆಂದು ಎಳೆದು, ಆಡಿಸಿ, ಬಟ್ಟಲಿಗೆ ಉಗಿದಳು. ಎರಡನೆಯದು, ಮೂರನೆಯದು, ಮತ್ತೆ ಎರಡನೆಯದು. ಅವಳು ಮಧ್ಯದ ಕಪ್ಪನ್ನು ಎರಡು ಬೆರಳಲ್ಲಿ ದೂರ ತಳ್ಳಿದಳು.

"ಇದು. ಗಂಟಲ ಹಿಂದೆ ಒಂದು ಚುರುಕು ಇದೆ ನೋಡು, ಅದು ಕೆಫೀನ್ ಇಲ್ದೆ ಬರಲ್ಲ. ಡಾಕ್ಟರು ಬೇಡ ಅಂದಿದ್ದು ಇದನ್ನೇ. ನನ್ನ ಕಣ್ಣೆದುರಿಂದ ತೆಗಿ."

ಬ್ರಯನಿ ಕದಲಲಿಲ್ಲ. ಅವಳ ಮುಖ ಕೆಂಪಗಾಗಿತ್ತು. "ಮಾ, ಬಯ್ಯಬೇಡಿ. ಮೂರರಲ್ಲೂ ಡಿಕ್ಯಾಫೇ ಇರೋದು. ನಿಮ್ಮ ಬಾಯಿಗೆ ಮಾಮೂಲಿ ಕಾಫಿ ಕೊಡೋಕೆ ನಂಗೆ ಧೈರ್ಯ ಬರ್ಲಿಲ್ಲ."

ಎರ್ಮಿನಿಯಾ ಮೂರು ಕಪ್‌ಗಳನ್ನೂ ಒಂದೊಂದಾಗಿ ನೋಡಿದಳು. ಮೂವತ್ತೊಂದು ವರ್ಷ ಯಾವ ಮೂಟೆಯೂ, ಯಾವ ಯಜಮಾನನೂ ಅವಳ ನಾಲಿಗೆಯನ್ನು ಸೋಲಿಸಿರಲಿಲ್ಲ. ಈಗ ಇಲ್ಲದ್ದನ್ನು ಇದೆ ಎಂದು ತೀರ್ಪು ಕೊಟ್ಟು, ಅದೂ ಚಮಚ ಮೇಲೆತ್ತಿ ಎಲ್ಲರೆದುರು, ಸೋತಿದ್ದಳು. ಒಂದು ಗಳಿಗೆ ಅವಳಿಗೆ ಅಳುವೇ ಬಂತು. ಆಮೇಲೆ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಎಲಿಯೊ ಎದ್ದು ಬಂದ, ಅವಳು ನಗುತ್ತಿದ್ದಳು.

"ಮಾ, ಕ್ಷಮಿಸಿ. ಏಮಾರಿಸ್ಬೇಕು ಅಂತ ಮಾಡ್ಲಿಲ್ಲ ನಾನು," ಎಂದಳು ಬ್ರಯನಿ.

"ನೀನೆಲ್ಲಿ ಏಮಾರಿಸಿದ್ಯೇ ಹುಡುಗಿ? ನನ್ನ ನಾಲಿಗೇನ ಏಮಾರಿಸೋ ಅಂಥ ಕಾಫಿ ಮಾಡೋಳು ಈ ಊರಲ್ಲಿ ಒಬ್ಬಳೇ ಇರೋದು," ಎಂದು ಎರ್ಮಿನಿಯಾ ದೂರ ತಳ್ಳಿದ್ದ ಕಪ್ಪನ್ನು ಮುಂದಕ್ಕೆಳೆದುಕೊಂಡು, ಈ ಸಲ ಉಗಿಯದೆ, ತಳ ಕಾಣುವ ತನಕ ಕುಡಿದಳು.