ಹಳೆಯ ನಂಬರಿನ ಮೂವತ್ತೊಂದು ಮಂದಿ

ಬೆಳಗಿನ ಐದೂ ಮುಕ್ಕಾಲು. ಪೀಣ್ಯ ಎರಡನೇ ಹಂತದ ಒಳರಸ್ತೆಯಲ್ಲಿ ಶಟರುಗಳೆಲ್ಲ ಇನ್ನೂ ಮುಚ್ಚಿವೆ. ಎಣ್ಣೆ ಮತ್ತು ಕಬ್ಬಿಣದ ಪುಡಿಯ ವಾಸನೆ ಮಾತ್ರ ಎಚ್ಚರವಾಗಿದೆ. ಲಗೇಜ್ ಆಟೊವೊಂದು ಬಂದು ಜಯಸಿಂಹ ಎಂಬುವರ ಲೇತ್ ವರ್ಕ್‌ಶಾಪಿನ ಮುಂದೆ ನಿಲ್ಲುತ್ತದೆ. ಮಡಚುವ ಮೇಜು, ಎರಡು ಪ್ಲಾಸ್ಟಿಕ್ ಸ್ಟೂಲು, ಹಳೆಯ ಸೀರೆಯಲ್ಲಿ ಸುತ್ತಿದ ಲ್ಯಾಪ್‌ಟಾಪು ಒಂದೊಂದಾಗಿ ಇಳಿಯುತ್ತವೆ. ಕೊನೆಗೆ ಶಾಂಭವಿ ಇಳಿಯುತ್ತಾರೆ. ಆಟೊ ಓಡಿಸುವ ಪತಿ ಹಣಮಂತ ಮೇಜಿನ ಕಾಲಿಗೆ ರಟ್ಟು ಕೊಟ್ಟು, ಅಲುಗಾಡಿಸಿ ನೋಡಿ, ತಮ್ಮ ಬಾಡಿಗೆಗೆ ಹೊರಡುತ್ತಾರೆ. ಅಷ್ಟರಲ್ಲಿ ನಾಲ್ಕು ಜನ ಬಂದು ನಿಂತಿದ್ದಾರೆ. ಆರೂವರೆಗೆ ಮೊದಲ ಶಿಫ್ಟಿನ ಗೇಟು ಹಾಕುತ್ತಾರೆ. ಅದಕ್ಕೆ ಮೊದಲು ಅವರ ಕೆಲಸ ಮುಗಿಯಬೇಕು.

ಮೇಜಿನ ಮುಂಭಾಗದಲ್ಲಿ ಒಂದು ರಟ್ಟಿನ ಹಲಗೆ ತೂಗುತ್ತದೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ: 'ಒಟಿಪಿ ಯಾರಿಗೂ ಹೇಳಬೇಡಿ. ನನಗೂ.'

ಪಿಂಚಣಿ, ಪಡಿತರ, ಕಾರ್ಮಿಕ ಕಾರ್ಡು, ವಿದ್ಯಾರ್ಥಿವೇತನ ಎಂದು ಸರ್ಕಾರದಿಂದ ಬರಬೇಕಾದ್ದು ಏನೇ ಇರಲಿ, ಅದರ ಸುದ್ದಿ ಈಗ ಮೊದಲು ಫೋನಿಗೆ ಬರುತ್ತದೆ. ಫೋನ್ ನಂಬರು ಬದಲಾಗಿದ್ದರೆ, ಬಾಡಿಗೆಮನೆ ಬದಲಾಗಿದ್ದರೆ, ಅದನ್ನು ಆನ್‌ಲೈನಿನಲ್ಲಿ ತಿದ್ದಬೇಕು. ಶಾಂಭವಿ ಮಾಡುವುದು ಅದನ್ನೇ. ಸರಿಯಾಗಿ ಹೇಳಬೇಕೆಂದರೆ, ಮಾಡಿಸುವುದು. ಕಾಗದಗಳನ್ನು ಅವರು ಇಟ್ಟುಕೊಳ್ಳುವುದಿಲ್ಲ. ಫೋನು ಬಂದವರ ಕೈಯಲ್ಲೇ ಇರಬೇಕು, ಆರಂಕಿಯ ಗುಟ್ಟಿನ ಸಂಖ್ಯೆಯನ್ನು ಅವರೇ ಒತ್ತಬೇಕು. ಹೊಸ ನಂಬರನ್ನು ಮೂರು ಸಲ ಗಟ್ಟಿಯಾಗಿ ಓದಿಸುತ್ತಾರೆ. ಒಂದು ಅಂಕಿಗೆ ನಾಲಿಗೆ ತಡವರಿಸಿದರೂ ಮತ್ತೆ ಮೊದಲಿನಿಂದ.

"ನಂಬರ್ ಅಂದ್ರ ಮನಿ ಬಾಗಲಾ ಇದ್ದಂಗ್ರಿ" ಎನ್ನುತ್ತಾರೆ ಶಾಂಭವಿ. "ಸರ್ಕಾರದಾವ್ರು ಬಂದು ಬಾಗಲಾ ಬಡೀತಾರ. ಬ್ಯಾರೆಯವರ ಮನಿ ಬಾಗಲಾ ಬಡದ್ರ ನಮಗ ಹೆಂಗ ಕೇಳ್ಬೇಕು?"

ನಲವತ್ತೊಂದರ ಶಾಂಭವಿ ಕುಷ್ಟಗಿ ಕಡೆಯವರು. ಮದುವೆಯಾದ ವರ್ಷವೇ ಗಂಡನ ಜೊತೆ ಪೀಣ್ಯಕ್ಕೆ ಬಂದು ಒಂದು ಗಾರ್ಮೆಂಟ್ಸ್ ಕಾರ್ಖಾನೆ ಸೇರಿದರು. ಹನ್ನೊಂದು ವರ್ಷ ಚೆಕ್ಕಿಂಗ್ ವಿಭಾಗದಲ್ಲಿ ನಿಂತೇ ಕೆಲಸ. ದಿನಕ್ಕೆ ಆರುನೂರು ಶರ್ಟಿನ ಕಾಲರು ಕಣ್ಣ ಮುಂದೆ ಹಾಯಬೇಕು, ತಪ್ಪಿದ ಹೊಲಿಗೆ ಒಂದೂ ದಾಟಿಹೋಗಬಾರದು. ಆ ಕಾರ್ಖಾನೆ ಒಂದು ದಿನ ಬಾಗಿಲು ಹಾಕಿತು. ಭವಿಷ್ಯನಿಧಿ ಬಿಡಿಸಿಕೊಳ್ಳಲು ಹೋದಾಗ ಗೊತ್ತಾಯಿತು, ಅವರ ದಾಖಲೆಯಲ್ಲಿದ್ದ ನಂಬರು ಅವರದಲ್ಲ. ಸೇರುವಾಗ ಫಾರಂ ತುಂಬಿದವರು ಯಾರೋ ಒಂಬತ್ತರ ಜಾಗದಲ್ಲಿ ಆರು ಬರೆದಿದ್ದರು.

ಆ ಒಂದು ಅಂಕಿ ತಿದ್ದಿಸಲು ಏಳು ತಿಂಗಳು ಹಿಡಿಯಿತು. ಸೈಬರ್ ಸೆಂಟರಿನವರು 'ನಾಳೆ ಬನ್ನಿ' ಅಂದರು, ನಾಳೆ ಹೋದರೆ ಸರ್ವರ್ ಇಲ್ಲ ಅಂದರು. ಹಾಗೆ ಹೋಗಿ ಹೋಗಿ, ಅವರ ಹೆಗಲ ಹಿಂದೆ ನಿಂತು ಪರದೆ ನೋಡಿ ನೋಡಿ, ಯಾವುದರ ನಂತರ ಯಾವುದು ಒತ್ತಬೇಕೆಂಬುದು ಶಾಂಭವಿಗೆ ಬಾಯಿಪಾಠವಾಯಿತು. "ನೂರು ಕಾಲರ್‌ನಾಗ ಒಂದು ಎಳಿ ತಪ್ಪಿದ್ರ ಹಿಡೀತಿದ್ದೆ. ನಂದ ಹೆಸರಿನ ಮುಂದ ತಪ್ಪು ಹನ್ನೊಂದು ವರ್ಷ ಕುಂತಿತ್ತು, ಕಾಣ್ಲಿಲ್ಲ ನೋಡ್ರಿ" ಎಂದು ನಗುತ್ತಾರೆ. ಹಣಮಂತ ಹಳೆಯ ಲ್ಯಾಪ್‌ಟಾಪೊಂದನ್ನು ತಂದುಕೊಟ್ಟರು. ಜಯಸಿಂಹ, "ಒಂಬತ್ತಕ್ಕೆ ನಾನು ಶಟರ್ ಎತ್ತೋದು, ಅಲ್ಲೀವರೆಗೂ ಜಾಗ ನಿಮ್ದೇ ಕಣಮ್ಮ" ಎಂದರು. ಹೀಗೆ ಶುರುವಾಗಿ ಐದು ವರ್ಷವಾಯಿತು. ಒಂಬತ್ತರ ನಂತರ ಶಾಂಭವಿ ಹತ್ತಿರದ ಪ್ಯಾಕಿಂಗ್ ಘಟಕವೊಂದಕ್ಕೆ ಕೆಲಸಕ್ಕೆ ಹೋಗುತ್ತಾರೆ.

ದಿನಕ್ಕೆ ಹದಿನಾಲ್ಕರಿಂದ ಹದಿನೆಂಟು ಜನ ಬರುತ್ತಾರೆ. ಎಲ್ಲ ಸರಿಯಿದ್ದರೆ ಒಬ್ಬರಿಗೆ ಆರು ನಿಮಿಷ. ಸರಿಯಿಲ್ಲದಿದ್ದರೆ ಎಷ್ಟು ಹೊತ್ತೆಂದು ಹೇಳುವಂತಿಲ್ಲ. ಭರಮಪ್ಪನ ಕೆಲಸಕ್ಕೆ ಐದು ದಿನ, ಎರಡು ಗಂಟೆಯ ಬಸ್ ಪ್ರಯಾಣ ಮತ್ತು ಒಂದು ಬಿಸಿಬೇಳೆಬಾತು ಬೇಕಾದವು. ಆ ಕಥೆ ಹೇಳದೆ ಶಾಂಭವಿಯ ಪರಿಚಯ ಪೂರ್ತಿಯಾಗುವುದಿಲ್ಲ.

ಕಳೆದ ಶ್ರಾವಣದ ಮಾತು. ಭರಮಪ್ಪ ಗಾರೆ ಕೆಲಸದವರು, ಯಾದಗಿರಿ ಕಡೆಯವರು. ಮಗಳು ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದಳು. ಕಾರ್ಮಿಕರ ಮಕ್ಕಳಿಗೆ ಸಿಗುವ ಶಿಕ್ಷಣ ಸಹಾಯಧನಕ್ಕೆ ಕಾಲೇಜಿನ ಮೂಲಕ ಅರ್ಜಿ ಹಾಕಿ ತಿಂಗಳುಗಳೇ ಕಳೆದಿದ್ದವು. ಅದರ ಸುದ್ದಿಯಿರಲಿಲ್ಲ. ಹಿಂದಿನ ವರ್ಷವೂ ಹೀಗೆಯೇ ಆಗಿ ಕೈತಪ್ಪಿತ್ತು. ಶಾಂಭವಿ ಭರಮಪ್ಪನ ಕಾರ್ಮಿಕ ಕಾರ್ಡು ನೋಡಿದರು. "ಈ ನಂಬರ್ ಯಾರದು ಅಣ್ಣಾ?"

"ನಮ್ಮ ಮೇಸ್ತ್ರಿದು ಅವ್ವಾ. ಕಾರ್ಡ್ ಮಾಡ್ಸೋ ಮುಂದ ನಮ್ಮತ್ರ ಫೋನ್ ಎಲ್ಲಿದ್ವು? ಮೂವತ್ತೊಂದು ಮಂದಿಗೂ ಅವಂದ ನಂಬರ್ ಕೊಟ್ಟ."

ಮೇಸ್ತ್ರಿ ಕೆಲಸ ಬಿಟ್ಟು ಊರು ಸೇರಿದ್ದರು, ಆ ಸಿಮ್ಮನ್ನೂ ಎಲ್ಲೋ ಬಿಸಾಡಿದ್ದರು. ನಂಬರು ಬದಲಿಸಬೇಕೆಂದರೆ ಪರದೆ ಕೇಳುತ್ತಿದ್ದುದು ಒಂದೇ: ಹಳೆಯ ನಂಬರಿಗೆ ಬಂದಿರುವ ಒಟಿಪಿ ಹಾಕಿ. ಕಚೇರಿಗೇ ಹೋಗಿ ಹೆಬ್ಬೆಟ್ಟು ಕೊಟ್ಟರೂ ಆಗುತ್ತದೆ, ಆದರೆ ಅದಕ್ಕೆ ವಾರಗಟ್ಟಲೆ ಕಾಯಬೇಕಿತ್ತು. ಶಾಂಭವಿ ಸುಮ್ಮನೆ ಆ ಹಳೆಯ ನಂಬರಿಗೇ ಕರೆ ಮಾಡಿದರು. ಬಿಸಾಡಿದ ನಂಬರನ್ನು ಫೋನ್ ಕಂಪನಿ ಬೇರೆ ಯಾರಿಗೋ ಕೊಟ್ಟಿತ್ತು, ಆ ಕಡೆ ರಿಂಗಾಯಿತು. ಹೆಂಗಸಿನ ದನಿ ಕೇಳಿಸಿತು.

"ಮೇಡಂ, ನಮಸ್ಕಾರ್ರೀ. ಈಗ ನಿಮ್ಮ ಫೋನಿಗೆ ಆರು ಅಂಕಿ ಒಂದು ಬರತೈತ್ರಿ. ಅದನ್ನ ಸ್ವಲ್ಪ ಹೇಳ್ತೀರೇನ್ರಿ?"

ಕೇಳಿದ ಮೇಲೆ ತಾವು ಏನು ಕೇಳಿದೆವೆಂದು ಶಾಂಭವಿಗೆ ಹೊಳೆಯಿತು. ಆ ಕಡೆಯಿಂದ ಉತ್ತರವೂ ತಕ್ಕಂತೆಯೇ ಬಂತು. "ಬೆಳಗ್ಗೆ ಬೆಳಗ್ಗೆನೇ ಟೋಪಿ ಹಾಕೋಕೆ ಕೂತ್ಬಿಟ್ರಾ? ಇನ್ನೊಂದ್ಸಲ ಮಾಡಿದ್ರೆ ಪೊಲೀಸ್‌ಗೆ ಕೊಡ್ತೀನಿ." ಫೋನು ಕುಕ್ಕಿದರು. ಮತ್ತೆ ಮಾಡಿದರೆ ನಂಬರು ಬ್ಲಾಕ್ ಆಗಿತ್ತು.

ಭರಮಪ್ಪನ ಮುಖ ಸಣ್ಣದಾಯಿತು. ಶಾಂಭವಿಗೆ ಮಾತ್ರ ಒಳಗೊಳಗೇ ಖುಷಿಯಾಗಿತ್ತಂತೆ. "ನಾ ದಿನಾ ನೂರು ಸಲ ಹೇಳೋದನ್ನ ಆಕಿ ಖರೇನ ಮಾಡಿದ್ಳು. ಇಂಥಾಕಿ ಕೈಯಾಗ ನಂಬರ್ ಐತಿ ಅಂದ್ರ ಚಿಂತಿಲ್ಲ ಅನಿಸ್ತು."

ಮೂರು ದಿನ ಬಿಟ್ಟು ಜಯಸಿಂಹ ತಮ್ಮ ಫೋನಿನಿಂದ ಮಾಡಿದರು. ತಾವು ಯಾರು, ವರ್ಕ್‌ಶಾಪ್ ಎಲ್ಲಿದೆ, ಮೂವತ್ತು ವರ್ಷದಿಂದ ಯಾವ್ಯಾವ ಕಾರ್ಖಾನೆಯ ಯಂತ್ರಗಳಿಗೆ ಬುಷ್ ಮಾಡಿಕೊಟ್ಟಿದ್ದೇವೆ ಎಂದೆಲ್ಲ ಹೇಳಿದರು. ಆ ಪಟ್ಟಿಯಲ್ಲಿ ಒಂದು ಸರ್ಕಾರಿ ಕಾರ್ಖಾನೆಯ ಹೆಸರು ಕೇಳಿ ಆ ಕಡೆಯ ದನಿ ತಡೆಯಿತು. "ಅಲ್ಲಿಗೆ ಮಾಲು ಕೊಡ್ತಿದ್ರಾ? ಹಾಗಾದ್ರೆ ಹೇಳಿ, ನಮ್ಮ ಕ್ಯಾಂಟೀನ್‌ನಲ್ಲಿ ಬುಧವಾರ ಏನು ಮಾಡ್ತಿದ್ರು?"

"ಬಿಸಿಬೇಳೆಬಾತ್ ಮೇಡಂ. ಎರಡನೇ ಸೌಟು ಕೇಳಿದ್ರೆ ಬೂಂದಿ ಖಾಲಿ ಅಂತಿದ್ರು."

ಆ ಕಡೆಯಿಂದ ನಗು ಕೇಳಿಸಿತು. "ಫೋನ್‌ನಲ್ಲಿ ಏನೂ ಹೇಳಲ್ಲ. ಕಾರ್ಡ್ ತಗೊಂಡು ಮನೆಗೆ ಬರೋಕೆ ಹೇಳಿ. ನೋಡ್ತೀನಿ."

ಆಕೆ ಪ್ರಿಯಂವದಾ. ಆ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ದುಡಿದು ನಿವೃತ್ತರಾದವರು, ಮಹದೇವಪುರದಲ್ಲಿ ತಂಗಿಯ ಕುಟುಂಬದ ಜೊತೆ ಇದ್ದಾರೆ. ಮರುದಿನ ಶಾಂಭವಿ ಕೆಲಸಕ್ಕೆ ರಜೆ ಹಾಕಿದರು, ಭರಮಪ್ಪ ಒಂದು ದಿನದ ಕೂಲಿ ಬಿಟ್ಟರು. ಎರಡು ಬಸ್ಸು ಬದಲಿಸಿ, ವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತು ಬೆವರಿ ಹೋದಾಗ ಬಾಗಿಲು ಚೈನು ಹಾಕಿಕೊಂಡೇ ತೆರೆಯಿತು. ಸಂದಿಯಲ್ಲಿ ಭರಮಪ್ಪ ಕಾರ್ಡು ಚಾಚಿದರು. ಪ್ರಿಯಂವದಾ ಕನ್ನಡಕ ಏರಿಸಿ ಅದರ ಮೇಲಿದ್ದ ತಮ್ಮದೇ ನಂಬರನ್ನು ಎರಡು ಸಲ ಓದಿದರು. ಆಮೇಲೆ ಎದುರಿಗಿದ್ದ ಮನುಷ್ಯನ ಮುಖ ನೋಡಿದರು.

"ಭರಮಪ್ಪ ಅಂದ್ರೆ ನೀವಾ? ರೀ, ಎರಡು ವರ್ಷದಿಂದ ನಾನೇ ಭರಮಪ್ಪ ಆಗಿದೀನಿ. ಯುಗಾದಿ ಶುಭಾಶಯ ಕೂಡ ನಿಮ್ಮ ಹೆಸರಲ್ಲೇ ಬಂತು."

ಚೈನು ಕಳಚಿತು. ಪಾನಕ ಬಂತು. ಆ ನಂಬರು ತಮ್ಮ ಕೈಗೆ ಬಂದಾಗಿನಿಂದ ಗುರುತಿಲ್ಲದ ಹೆಸರುಗಳಿಗೆ ಬರುತ್ತಿದ್ದ ಸಂದೇಶಗಳಲ್ಲಿ ಒಂದನ್ನೂ ಪ್ರಿಯಂವದಾ ಅಳಿಸಿರಲಿಲ್ಲ. "ಯಾರದೋ ಕಾಗದ ನಮ್ಮನೆಗೆ ಬಂದ್ರೆ ಹರಿದು ಹಾಕ್ತೀವಾ? ಯಾರಿಗೆ ಕೊಡ್ಬೇಕು ಗೊತ್ತಿರ್ಲಿಲ್ಲ, ಇಟ್ಕೊಂಡಿದ್ದೆ" ಎಂದರು. ಮೂವರೂ ಸೋಫಾದಲ್ಲಿ ಕುಳಿತು ಫೋನಿನಲ್ಲಿ ಭರಮಪ್ಪನ ಹೆಸರು ಹುಡುಕತೊಡಗಿದರು. ಹನ್ನೆರಡು ದಿನ ಹಿಂದಿನ ಒಂದು ಸಂದೇಶದ ಮೇಲೆ ಶಾಂಭವಿಯ ಬೆರಳು ನಿಂತಿತು. ಮಗಳ ವ್ಯಾಸಂಗ ಪ್ರಮಾಣಪತ್ರ ಸ್ಪಷ್ಟವಾಗಿಲ್ಲ, ಹದಿನೈದು ದಿನದೊಳಗೆ ಮತ್ತೆ ಸಲ್ಲಿಸಿ, ಇಲ್ಲದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ.

ಉಳಿದದ್ದು ಮೂರು ದಿನ. ಭರಮಪ್ಪ ಪಾನಕದ ಲೋಟ ಕೆಳಗಿಟ್ಟು ಮಗಳಿಗೆ ಫೋನು ಮಾಡಿದರು. ಹಿಂದಿನ ವರ್ಷ ಏನಾಗಿತ್ತೆಂಬುದು ಈಗ ಅವರಿಗೆ ಅರ್ಥವಾಯಿತು.

ಶಾಂಭವಿ ಲ್ಯಾಪ್‌ಟಾಪ್ ತೆರೆದರು. ಪ್ರಿಯಂವದಾ ಅವರ ಫೋನು ಕುಂಯ್ ಎಂದಿತು. ಅವರು ಆರು ಅಂಕಿಗಳನ್ನು ಭರಮಪ್ಪನಿಗೆ ತೋರಿಸಿದರು, ಭರಮಪ್ಪ ಒಂದೊಂದಾಗಿ ಒತ್ತಿದರು. ಎರಡನೇ ಒಟಿಪಿ ಬಂದದ್ದು ಭರಮಪ್ಪನ ಜೇಬಿನಲ್ಲಿದ್ದ ಫೋನಿಗೆ. 'ನಿಮ್ಮ ಮೊಬೈಲ್ ಸಂಖ್ಯೆಯನ್ನು ಯಶಸ್ವಿಯಾಗಿ ನವೀಕರಿಸಲಾಗಿದೆ' ಎಂಬ ಸಾಲನ್ನು ಅವರು ನಿಧಾನವಾಗಿ, ಅಕ್ಷರ ಕೂಡಿಸಿ ಓದಿದರು. ಮಗಳು ಕಾಲೇಜಿನಿಂದ ಹೊಸ ಪ್ರಮಾಣಪತ್ರ ಪಡೆದು ಕಳಿಸಿದಳು, ಮರುದಿನ ಬೆಳಗ್ಗೆ ಪೀಣ್ಯದ ಮೇಜಿನಿಂದಲೇ ಅದು ಹೋಯಿತು. ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ, ಸಾರ್ವೆಯ ಮೇಲೆ ನಿಂತು ಗೋಡೆಗೆ ಗಿಲಾವು ಮಾಡುತ್ತಿದ್ದ ಭರಮಪ್ಪನ ಫೋನಿಗೇ ಸಹಾಯಧನ ಮಂಜೂರಾದ ಸುದ್ದಿ ಬಂತು.

ಅವತ್ತು ಮಹದೇವಪುರದಲ್ಲಿ ಪ್ರಿಯಂವದಾ ಬಾಗಿಲವರೆಗೆ ಬಂದು ಕೇಳಿದ್ದರು: "ಇನ್ನೂ ಮೂವತ್ತು ಹೆಸರಿದೆಯಲ್ಲಮ್ಮಾ, ಅವರೆಲ್ಲ ಎಲ್ಲಿದಾರೆ?"

ಅದರ ಮುಂದಿನ ಭಾನುವಾರ ಬೆಳಗ್ಗೆ ಏಳಕ್ಕೆ ಅವರೇ ಪೀಣ್ಯಕ್ಕೆ ಬಂದಿಳಿದರು. ಕೈಯಲ್ಲಿ ಫೋನು, ಚಾರ್ಜರು, ಒಂದು ಡಬ್ಬಿ ಕೋಡುಬಳೆ. ಭರಮಪ್ಪ ವಾರವಿಡೀ ಸೈಟು ಸೈಟು ಅಲೆದು ಹಳೆಯ ಸಂಗಾತಿಗಳನ್ನು ಹುಡುಕಿ ಸುದ್ದಿ ಮುಟ್ಟಿಸಿದ್ದರು. ಸರ್ಜಾಪುರದಿಂದ, ಎಲೆಕ್ಟ್ರಾನಿಕ್ ಸಿಟಿಯಿಂದ ಗಾರೆ ಅಂಟಿದ ಚಪ್ಪಲಿಗಳು ಒಂದೊಂದಾಗಿ ಬಂದವು. ಜಯಸಿಂಹ ರಜೆಯ ದಿನವೂ ಶಟರು ಎತ್ತಿ ಒಳಗೆ ಬೆಂಚು ಹಾಕಿಸಿದರು. ಪ್ರಿಯಂವದಾ ಮೇಜಿನ ಬಲಕ್ಕೆ ಕುಳಿತು ಒಬ್ಬೊಬ್ಬರ ಹೆಸರು ಕೂಗಿ ಕರೆದರು. ಹೆಸರುಗಳೆಲ್ಲ ಅವರಿಗೆ ಎರಡು ವರ್ಷದಿಂದ ಪರಿಚಿತ, ಮುಖಗಳು ಮಾತ್ರ ಹೊಸವು.

"ಬಸಲಿಂಗ ಯಾರಪ್ಪ? ನಿನ್ನ ಕಾರ್ಡ್ ಮೊನ್ನೆ ಮಾರ್ಚ್‌ಗೇ ನವೀಕರಣ ಆಗ್ಬೇಕಿತ್ತು, ನಾನು ಓದಿ ಓದಿ ಬೇಜಾರಾಗಿದ್ದೆ. ಬಾ ಇಲ್ಲಿ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಬಸಲಿಂಗ ಶಾಲೆಯ ಹುಡುಗನ ಹಾಗೆ ಕೈಕಟ್ಟಿ ಬಂದು ನಿಂತರು. ಮಧ್ಯಾಹ್ನ ಒಂದರ ಹೊತ್ತಿಗೆ ಇಪ್ಪತ್ತೆರಡು ಮಂದಿಯ ನಂಬರು ಬದಲಾಯಿತು, ಕೋಡುಬಳೆ ಡಬ್ಬಿ ಹತ್ತು ಗಂಟೆಗೇ ಖಾಲಿಯಾಗಿತ್ತು. ಊರಿಗೆ ಮರಳಿದ್ದ ಆರು ಮಂದಿ ಆಮೇಲೆ ಅಲ್ಲಿನ ಸೇವಾಕೇಂದ್ರಗಳಿಂದ ಮಾಡಿಸಿಕೊಂಡರು. ಇಬ್ಬರು ಇನ್ನೂ ಸಿಕ್ಕಿಲ್ಲ. ಅವರ ಸಂದೇಶ ಬಂದಾಗಲೆಲ್ಲ ಪ್ರಿಯಂವದಾ ಶಾಂಭವಿಗೆ ಫೋನು ಮಾಡುತ್ತಾರೆ, ಶಾಂಭವಿ ಮೇಜಿಗೆ ಬಂದ ಗಾರೆ ಕೆಲಸದವರನ್ನೆಲ್ಲ ಆ ಎರಡು ಹೆಸರು ಹೇಳಿ ವಿಚಾರಿಸುತ್ತಾರೆ.

ಇಂಥ ಸಂತೋಷ ದಿನವೂ ಇರುವುದಿಲ್ಲ. ಮಳೆ ಬಂದರೆ ಮೇಜು ಎತ್ತಬೇಕು. ತಿಂಗಳ ಕೊನೆಯಲ್ಲಿ ಪರದೆ ಸುತ್ತುತ್ತಲೇ ಇರುತ್ತದೆ, ಶಿಫ್ಟಿನ ಸೈರನ್ನು ಕೂಗಿ ಜನ ಅರ್ಧಕ್ಕೇ ಎದ್ದು ಓಡುತ್ತಾರೆ. ನಿಂತು ದುಡಿದ ವರ್ಷಗಳ ಮಂಡಿನೋವು ಶಾಂಭವಿಯನ್ನು ಬಿಟ್ಟಿಲ್ಲ. ಆದರೂ ಎದ್ದುಹೋಗುವವರ ಬೆನ್ನು ನೋಡುವುದೆಂದರೆ ಅವರಿಗೆ ಇಷ್ಟ. "ಬರೋ ಮುಂದ ಬಗ್ಗಿ ಬರ್ತಾರ್ರೀ. ಆಮ್ಯಾಲ ಫೋನ್ ಜೇಬಿನಾಗ ಇಟ್ಕೊಂಡು ನೆಟ್ಟಗ ನಡೀತಾರ."

ಆಸೆಯೇನಾದರೂ ಇದೆಯೇ ಎಂದು ಕೇಳಿದರೆ ಮಂಡಿ ಸವರಿಕೊಳ್ಳುತ್ತಾ ಯೋಚಿಸುತ್ತಾರೆ. "ಮಂದಿ ನನ್ನತ್ರ ಬರೋದು ಕಡಿಮಿ ಆಗ್ಬೇಕ್ರಿ. ಒಬ್ರು ಕಲ್ತು ಮನ್ಯಾಗ ನಾಕ್ ಮಂದಿಗೆ ಕಲಿಸಿದ್ರ ಸಾಕು."

ಇವತ್ತು ಸ್ಟೂಲಿನ ಮೇಲೆ ಕುಳಿತಿರುವುದು ರುದ್ರಮ್ಮ. ಮಾಗಡಿ ಕಡೆಯವರು, ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುತ್ತಾರೆ. ಮನೆ ಬದಲಿಸಿದ್ದಾರೆ, ವಿಧವಾ ವೇತನದ ದಾಖಲೆಯಲ್ಲಿ ವಿಳಾಸ ತಿದ್ದಬೇಕು. ಹಿಂದೆ ನಂಬರು ಬದಲಿಸುವಾಗ ಎರಡು ಸಲ ನೋಡಿಕೊಂಡಿದ್ದಾರೆ, ಈ ಸಲ ತಾವೇ ಮಾಡುತ್ತೇವೆಂದು ಪಟ್ಟು ಹಿಡಿದಿದ್ದಾರೆ. ಶಾಂಭವಿ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಸುಮ್ಮನೆ ಕುಳಿತಿದ್ದಾರೆ. ರುದ್ರಮ್ಮನ ತೋರುಬೆರಳು ಒಂದೊಂದು ಅಕ್ಷರದ ಮೇಲೂ ಸುಳಿದಾಡಿ ಇಳಿಯುತ್ತದೆ. ಅಡ್ಡರಸ್ತೆಯ ಸಂಖ್ಯೆ ತಪ್ಪುತ್ತದೆ, ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಹನ್ನೊಂದು ನಿಮಿಷದ ನಂತರ ಪರದೆಯ ಮೇಲೆ ಹಸಿರು ಗುರುತು ಮೂಡುತ್ತದೆ.

ಹಿಂದೆ ನಿಂತಿದ್ದ ಹೆಲ್ಮೆಟ್ಟಿನ ಕೆಲಸಗಾರ ಬಗ್ಗಿ ನೋಡುತ್ತಾನೆ. "ಅಕ್ಕ, ನಂಗೂ ಅಡ್ರೆಸ್ಸೇ ಚೇಂಜ್ ಮಾಡ್ಬೇಕಿತ್ತು. ಯಾರು ಮಾಡ್ಕೊಡ್ತಾರೆ?"

"ಯಾರೂ ಮಾಡ್ಕೊಡಕಿಲ್ಲ, ನೀನೇ ಮಾಡ್ಬೇಕು" ಎನ್ನುತ್ತಾರೆ ರುದ್ರಮ್ಮ. "ಅಂಗೇ ನಿಂತ್ಕಂಡ್ರೆ ಆಯ್ತದಾ? ಕುಂತ್ಕ. ಮೊದ್ಲು ಮೇಲ್ಗಡೆ ಕನ್ನಡ ಅಂತ ಐತಲ್ಲ, ಅದ್ನ ಒತ್ತು. ಇಂಗೆ, ಮೆಲ್ಲಕೆ."

ಅವನಿಗೆ ಕೂರಲು ಸ್ಟೂಲಿಲ್ಲ. ಶಾಂಭವಿ ತಮ್ಮದನ್ನು ಅವನ ಕಡೆಗೆ ಸರಿಸಿ, ಎದ್ದು ನಿಂತು, ರುದ್ರಮ್ಮ ಹೇಳಿಕೊಡುವುದನ್ನು ಕೇಳುತ್ತಾರೆ.