ತಿಳಿಯದೆ ಹೂಂ ಅನ್ನಬಾರದು

ಪಾಟೀಲ ಆಂಟಿ ಬಾಯಿ ತೆರೆದರೆ ಕರ್ನಾಟಕದ ನಾಲ್ಕು ದಿಕ್ಕೂ ಒಟ್ಟಿಗೆ ಹೊರಬೀಳುತ್ತಿದ್ದವು. "ಬರ್ರಿ ಯಪ್ಪಾ, ಹಿಂಗ ಕುಂದರ್ರಿ. ಚೀಟಿ ಎಲ್ಲುಂಟು ಮಾರಾಯ್ರೇ? ಗಾಬ್ರಿ ಬೀಳ್ಬೇಡಿ ಕಣಣ್ಣಾ, ನಾನಿದೀನಲ್ಲ. ಅಚ್ಛಾ, ಮೊದ್ಲು ನೀರು ಕುಡೀರಿ." ಒಂದೇ ಉಸಿರಿನಲ್ಲಿ ಬಾಗಲಕೋಟೆ, ಮಂಗಳೂರು, ಮಂಡ್ಯ, ಕೊನೆಗೆ ದೆಹಲಿ. ಮೈಸೂರಿನ ನಾನು ಮೊದಲ ದಿನ ಇದನ್ನು ಕೇಳಿ ದಂಗಾದೆ. ಹೊಸಬಳೆಂದು ನನ್ನನ್ನು ಗೇಲಿ ಮಾಡುತ್ತಿದ್ದಾರೆ ಎಂದೇ ತಿಳಿದೆ.

ಆಗ ನಾನು ಗುರುಗ್ರಾಮದ ಕಂಪನಿಯೊಂದಕ್ಕೆ ಸೇರಿ ದೆಹಲಿಯ ಮುನಿರ್ಕಾದಲ್ಲಿ ಕೋಣೆ ಹಿಡಿದ ಹೊಸತು. ಊರು ಬಿಟ್ಟು ಬಂದವರಿಗೆ ಶನಿವಾರವೆಂಬುದು ಬಲು ಉದ್ದದ ದಿನ. ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕನ್ನಡ ಬಲ್ಲ ಸ್ವಯಂಸೇವಕರು ಬೇಕಂತೆ ಎಂದು ಗೆಳತಿಯೊಬ್ಬಳು ಹೇಳಿದಳು, ಹೋದೆ. ಊರಿನ ಡಾಕ್ಟರು ಕೈಚೆಲ್ಲಿದ ಮೇಲೆ ರೈಲು ಹತ್ತಿ ಬಂದವರು, ಫರೀದಾಬಾದಿನ ಕಾರ್ಖಾನೆಗಳಲ್ಲಿ ದುಡಿಯುವವರು, ಹೀಗೆ ಹಿಂದಿ ಬಾರದ ನಮ್ಮ ಜನ ಅಲ್ಲಿ ದಿನಾಲೂ ಇರುತ್ತಿದ್ದರು. ಅವರಿಗೆ ದಾರಿ ತೋರಿಸುವುದು, ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದು ನಮ್ಮ ಕೆಲಸ. ಕೆಲಸ ಕಲಿಸಲು ನನ್ನನ್ನು ಆಂಟಿಯ ಜೊತೆಗೆ ಬಿಟ್ಟರು.

ತಲೆ ನರೆತ, ಎತ್ತರದ ಹೆಂಗಸು. ಹತ್ತಿಯ ಸಲ್ವಾರ್ ಕಮೀಜ್, ಕಾಲಿಗೆ ಓಡುವವರ ಬೂಟು, ಮೇಲೊಂದು ನೀಲಿ ಏಪ್ರನ್. ಅದರ ಜೇಬಿನ ತುಂಬ ಗ್ಲೂಕೋಸ್ ಬಿಸ್ಕತ್ತು. ಹೊರರೋಗಿಗಳ ಕಟ್ಟಡದ ಬಾಗಿಲಲ್ಲಿ, ತಣ್ಣೀರಿನ ಕೂಲರ್ ಪಕ್ಕ ಅವರ ಜಾಗ. ಗುಂಪಿನಲ್ಲಿ ಯಾರು ಕನ್ನಡದವರೆಂದು ಹೇಗೋ ಕಂಡುಹಿಡಿಯುತ್ತಿದ್ದರು. "ನಾನೂ ನಿಮ್ಮ ಕಡೆಯವಳೇ" ಎನ್ನುವುದು ಅವರ ಮೊದಲ ಮಾತು. ಬೀದರಿನವರಿಗೂ ಅದೇ, ಕೋಲಾರದವರಿಗೂ ಅದೇ. ನಿಜವಾಗಿ ಯಾವ ಊರು ಆಂಟಿ ಎಂದು ಒಮ್ಮೆ ಕೇಳಿದೆ. "ಎಲ್ಲಾ ಊರೂ ನಂದೇ ಕಣೇ" ಎಂದು ನಕ್ಕು, ಬಿಸ್ಕತ್ತು ಕೊಟ್ಟು ನನ್ನ ಬಾಯಿ ಮುಚ್ಚಿಸಿದರು.

ಅನುಮಾನ ಬಂದದ್ದು ಇನ್ನೊಂದು ಮಾತಿನಿಂದ. ಹುಬ್ಬಳ್ಳಿಯ ಹುಡುಗಿಯೊಬ್ಬಳು ಹಾಸಿಗೆಯಲ್ಲಿ ಊಟ ಬೇಡವೆಂದು ಮುಖ ತಿರುಗಿಸಿಕೊಂಡಿದ್ದಳು. ಆಂಟಿ ಅವಳ ಗಲ್ಲ ಹಿಡಿದು, ಅಕ್ಕರೆಯಿಂದ, ಇಡೀ ವಾರ್ಡಿಗೆ ಕೇಳುವಂತೆ, "ನಿನ್ನ ಹೆಣಾ ಎತ್ತಲಿ, ಉಣ್ಣಽ ನನ್ನ ಬಂಗಾರಾ" ಎಂದುಬಿಟ್ಟರು. ಮನೆಯಂಗಳದಲ್ಲಿ ಅಜ್ಜಿಯಂದಿರು ಹಾಗೆ ಮುದ್ದಿನಿಂದ ಬೈಯುವುದುಂಟು, ಸರಿ. ಆದರೆ ಕನ್ನಡದ ಹೊಟ್ಟೆಯಲ್ಲಿ ಹುಟ್ಟಿದ ಯಾರೂ ಆಸ್ಪತ್ರೆಯ ಹಾಸಿಗೆಯ ಮುಂದೆ ನಿಂತು ಆ ಮಾತು ಆಡುವುದಿಲ್ಲ. ಹುಡುಗಿಯ ಅಮ್ಮ ಒಂದು ಕ್ಷಣ ಕಲ್ಲಾದಳು. ಆಮೇಲೆ ಏನಾಯಿತೋ, ಸೆರಗು ಬಾಯಿಗೊತ್ತಿಕೊಂಡು ನಗತೊಡಗಿದಳು. ಹುಡುಗಿಯೂ ನಕ್ಕಳು, ಎರಡು ತುತ್ತು ಉಂಡಳು. ಹೊರಗೆ ಬಂದ ಮೇಲೆ ಆ ಮಾತಿನ ಅರ್ಥ ಬಿಡಿಸಿ ಹೇಳಿದೆ. ಆಂಟಿಯ ಮುಖ ಬಿಳಿಚಿಕೊಂಡಿತು. ಯಾವುದೋ ಅಜ್ಜಿ ಮೊಮ್ಮಗನಿಗೆ ಹಾಗೆ ಹೇಳುವುದನ್ನು ಕೇಳಿ, ಅದು ಮುದ್ದಿನ ಮಾತೆಂದು ಎತ್ತಿಟ್ಟುಕೊಂಡಿದ್ದರಂತೆ.

ಎಂಥ ಕನ್ನಡದವರಪ್ಪ ಇವರು ಎಂದು ನನಗೆ ಸೋಜಿಗ. ಉತ್ತರ ಸಿಕ್ಕ ದಿನ ಮಾತ್ರ ನಗು ಬರಲಿಲ್ಲ.

ಅಂದು ಯಾದಗಿರಿ ಕಡೆಯ ಹೆಂಗಸೊಬ್ಬಳು ನನ್ನ ಕೈ ಹಿಡಿದು ಗಡಗಡನೆ ಏನೇನೋ ಹೇಳಿದಳು. ಗಂಡನಿಗೆ ಆಪರೇಷನ್ ಇದೆ ಎಂಬುದಷ್ಟು ತಿಳಿಯಿತು. ಉಳಿದದ್ದು ಅವಳ ಅಳುವಿನಲ್ಲಿ, ಸುತ್ತಲಿನ ಗದ್ದಲದಲ್ಲಿ ಕೊಚ್ಚಿಹೋಯಿತು. ಸಮಾಧಾನವಾಗಲಿ ಎಂದು "ಹೂಂ, ಹೂಂ" ಎಂದೆ. ಅವಳು ಕಣ್ಣೊರೆಸಿಕೊಂಡು ಹೊರಟಳು. ಪಕ್ಕದಲ್ಲಿದ್ದ ಆಂಟಿ ನನ್ನ ಮೊಣಕೈ ಹಿಡಿದರು. ಹಿಡಿತ ನೋವಾಗುವಂತಿತ್ತು.

"ಏನಂದ್ಲು ಆಕಿ?"

"ಅದೇ ಆಂಟಿ, ಗಂಡನಿಗೆ ಆಪರೇಷನ್ನು..."

"ಅದಲ್ಲ. ಕೊನೇಗೆ ಏನು ಕೇಳಿದ್ಲು? ನೀ ಹೂಂ ಅಂದ್ಯಲ್ಲ, ಯಾವುದಕ್ಕೆ ಅಂದಿ?"

ನಾನು ತಡವರಿಸುತ್ತಿದ್ದಂತೆ ಅವರು ನನ್ನ ಕೈಬಿಟ್ಟು ಆ ಹೆಂಗಸಿನ ಹಿಂದೆ ಓಡಿದರು. ಆ ವಯಸ್ಸಿನವರು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ನಾನೂ ಹಿಂದೆಯೇ ಓಡಿದೆ. ವಾರ್ಡಿನಲ್ಲಿ ಆ ಹೆಂಗಸು ಗಂಡನ ತಲೆ ಎತ್ತಿ ಹಿಡಿದು ಗಂಜಿಯ ಲೋಟವನ್ನು ತುಟಿಗೆ ಒಯ್ಯುತ್ತಿದ್ದಳು. ಆಂಟಿ ಲೋಟ ಕಿತ್ತುಕೊಂಡರು. ಅವಳು ನನ್ನತ್ತ ಬೆರಳು ತೋರಿಸಿ, "ಈ ಅಕ್ಕಾರನ್ನ ಕೇಳೀನ್ರಿ. ಹಸದಾನ, ಒಂದೀಟು ಗಂಜಿ ಕುಡಿಸ್ಲೇನು ಅಂದೆ. ಹೂಂ ಅಂದ್ರು" ಎಂದಳು. ಆಪರೇಷನ್ನಿಗೆ ಮುಂಚೆ ಹೊಟ್ಟೆ ಖಾಲಿ ಇರಬೇಕೆಂದು ಅವಳಿಗೆ ಯಾರೂ ಕನ್ನಡದಲ್ಲಿ ಹೇಳಿರಲಿಲ್ಲ.

ಆಂಟಿ ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಗೇಟಿನಾಚೆ ಚಹಾ ಭಯ್ಯಾನ ಅಂಗಡಿಗೆ ಕರೆದುಕೊಂಡು ಹೋಗಿ, ಬೆಂಚಿನ ಮೇಲೆ ಕೂರಿಸಿ, ಚಹಾ ಕೈಗೆ ಕೊಟ್ಟು, "ನಾನು ಕನ್ನಡದವಳಲ್ಲ ಮಗಾ" ಎಂದರು.

ಅವರ ಹೆಸರು ಸುದೇಶ್. ಅಪ್ಪ ಅಮ್ಮ ದೇಶ ಒಡೆದಾಗ ಬನ್ನು ಎಂಬ ದೂರದ ಊರಿನಿಂದ ಓಡಿಬಂದು ಫರೀದಾಬಾದಿನಲ್ಲಿ ನೆಲೆಯಾದವರು. ಮನೆಯಲ್ಲಿ ಆಡುತ್ತಿದ್ದುದು ಆ ಊರಿನ ಮಾತು. ಹಿಂದಿಯೂ ಅಲ್ಲ, ನಮಗೆ ಕೇಳಿ ಗೊತ್ತಿರುವ ಪಂಜಾಬಿಯೂ ಅಲ್ಲ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಬಾಗಲಕೋಟೆಯ ಪಾಟೀಲರನ್ನು ಮೆಚ್ಚಿ ಮದುವೆಯಾದರು. ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಗಂಡಹೆಂಡತಿ ಹಿಂದಿಯಲ್ಲೇ ಸಂಸಾರ ಮಾಡಿದರು. ಆಂಟಿಗೆ ಕನ್ನಡದ ಅಗತ್ಯ ಬೀಳಲಿಲ್ಲ, ಪಾಟೀಲರು ಕಲಿಸಲೂ ಇಲ್ಲ.

"ಅವರಿಗೆ ತಲೇಲಿ ಗಡ್ಡೆ ಆಯ್ತು" ಎಂದರು ಆಂಟಿ, ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ಇದೇ ಊರಾಗ, ಇಂಥದೇ ವಾರ್ಡು. ಕೊನೇ ದಿನಗಳಾಗ ಹಿಂದಿ ಎಲ್ಲಾ ಹೋಗಿಬಿಡ್ತು. ಬರೀ ಕನ್ನಡ. ಆಫೀಸಿನ ಕನ್ನಡದವರು ಸಂಜೆ ಬರ್ತಿದ್ರು, ಅಷ್ಟೊತ್ತಿಗೆ ಇವರಿಗೆ ಎಚ್ಚರಾನೇ ಇರ್ತಿರಲಿಲ್ಲ. ಒಂದಿನ ಬೆಳಗ್ಗೆ ನನ್ನ ಕೈ ಹಿಡಿದು ಏನೋ ಕೇಳಿದ್ರು. ಮತ್ತೆ ಮತ್ತೆ ಕೇಳಿದ್ರು. ನಾನು, ಪಾಪ, ಸಮಾಧಾನ ಆಗ್ಲಿ ಅಂತ, ಹಾಂ ಜೀ, ಹಾಂ ಅಂದುಬಿಟ್ಟೆ."

ಚಹಾದ ಮೇಲಿನ ಕೆನೆಯನ್ನು ಬೆರಳಿನಿಂದ ಬದಿಗೆ ಸರಿಸಿದರು.

"ಅವರ ಮುಖ ಹಗುರಾಯ್ತು ನೋಡು. ಮತ್ತೆ ಕೇಳಲೇ ಇಲ್ಲ. ನನ್ನ ಮಾತು ನಂಬಿ ಹೋದ್ರು. ಯಾವುದಕ್ಕೆ ಹಾಂ ಅಂದೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಅವರು ಆಡಿದ ಶಬ್ದ ನೆನಪಿಲ್ಲ, ಆ ಮುಖ ಮಾತ್ರ ನೆನಪಿದೆ."

ಅದಾದ ಮೇಲೆ ಅವರು ಕನ್ನಡ ಕಲಿತದ್ದು, ಆಸ್ಪತ್ರೆಯ ಕಾರಿಡಾರಿನಲ್ಲಿ, ರೋಗಿಗಳ ಬಾಯಿಂದ. ಅದಕ್ಕೇ ನಾಲ್ಕು ದಿಕ್ಕಿನ ಕನ್ನಡ. ಬೇಕಾದರೆ ನಾಲ್ಕು ಸಲ ಕೇಳುತ್ತಿದ್ದರು, "ಇನ್ನೊಂದ್ಸಲ ಹೇಳ್ರಿ ತಾಯಿ, ತಿಳೀಲಿಲ್ಲ" ಎನ್ನುತ್ತಿದ್ದರು, ನಾಚಿಕೊಳ್ಳುತ್ತಿರಲಿಲ್ಲ. ತಿಳಿಯುವ ತನಕ ಹೂಂ ಅನ್ನುತ್ತಿರಲಿಲ್ಲ. ಬಾಗಲಕೋಟೆ ಕಡೆಯವರು ಸಿಕ್ಕರೆ ಇನ್ನೂ ಒಂದು ಪ್ರಶ್ನೆ ಇರುತ್ತಿತ್ತು: "ನಿಮ್ಮಲ್ಲಿ ಹುಷಾರಿಲ್ಲದವರು ಏನೇನು ಕೇಳ್ತಾರ್ರೀ?" ಜನ ಸುಮ್ಮನೆ ಮಾತಿಗೆ ಕೇಳುತ್ತಾರೆಂದುಕೊಂಡು ಮಜ್ಜಿಗೆ, ಮೊಮ್ಮಕ್ಕಳು, ಮನೆದೇವರ ಅಂಗಾರ ಎಂದು ಹೇಳುತ್ತಿದ್ದರು. ನಾನೂ ಹಾಗೆಂದೇ ತಿಳಿದಿದ್ದೆ. ಆ ದಿನದ ಮೇಲೆ ಅವರು ಆ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಬೇರೆ ಕಡೆ ನೋಡಬೇಕೆನಿಸುತ್ತಿತ್ತು.

ಹೋದ ಚಳಿಗಾಲದಲ್ಲಿ ಆಂಟಿಗೆ ಸ್ಟ್ರೋಕ್ ಆಯಿತು. ಆಗ ಅವರು, ತೀರಿಹೋದ ಅಣ್ಣನ ಮಗನ ಜೊತೆ, ಫರೀದಾಬಾದಿನಲ್ಲಿದ್ದರು. ಸುದ್ದಿ ತಿಳಿದು ಅಲ್ಲಿಯ ನರ್ಸಿಂಗ್ ಹೋಮಿಗೆ ಓಡಿದೆ. ಬಾಯಿ ಒಂದು ಕಡೆ ವಾಲಿತ್ತು. ನನ್ನನ್ನು ಕಂಡು ಏನೋ ಹೇಳಿದರು. ಕನ್ನಡವಲ್ಲ. ಹಿಂದಿಯೂ ಅಲ್ಲ. ಚಿಕ್ಕಂದಿನ ಆ ಮನೆಮಾತು. ಮತ್ತೆ ಅದನ್ನೇ ಹೇಳಿದರು. ಹಾಸಿಗೆ ಪಕ್ಕ ಕೂತಿದ್ದ ಅಣ್ಣನ ಮಗ ಅತ್ತೆಯ ಕೈ ಸವರುತ್ತ, "ಹಾಂ ಬುವಾ, ಹಾಂ ಹಾಂ" ಎಂದ.

ನಾನು ಅವನ ಕೈ ಹಿಡಿದು ತಡೆದೆ.

"ಏನು ಹೇಳ್ತಿದಾರೆ?" ಎಂದು ಹಿಂದಿಯಲ್ಲಿ ಕೇಳಿದೆ.

"ಗೊತ್ತಿಲ್ಲ, ದೀದಿ. ಅಪ್ಪಾಜಿ ಮತ್ತು ಬುವಾ ಮಾತ್ರ ಆ ಭಾಷೆ ಆಡ್ತಿದ್ರು. ನಿನ್ನೆಯಿಂದ ಇದನ್ನೇ ಹೇಳ್ತಿದಾರೆ."

ಪಾಪ, ಒಳ್ಳೆಯ ಮನುಷ್ಯ. ಆದರೂ ಅವನ ಮೇಲೆ ನಾನು ಹರಿಹಾಯ್ದೆ. ನಿಮ್ಮ ಗಲ್ಲಿಯಲ್ಲಿ ಆ ಮಾತು ಬಲ್ಲ ಹಿರಿಯರು ಒಬ್ಬರೂ ಇಲ್ಲವೇ, ಈಗಲೇ ಕರೆದುಕೊಂಡು ಬನ್ನಿ ಎಂದೆ. ಅವನು ಹೆದರಿ ಸ್ಕೂಟರ್ ಹತ್ತಿದ. ಅವನು ಬರುವ ತನಕ ಆಂಟಿ ಹೇಳುತ್ತಲೇ ಇದ್ದರು. ಹೂಂ ಎನ್ನಲು ನನ್ನ ನಾಲಿಗೆ ತುದಿಯಲ್ಲಿ ಬಂದು ನಿಲ್ಲುತ್ತಿತ್ತು. "ತಿಳೀಲಿಲ್ಲ ಆಂಟಿ, ಇನ್ನೊಂದ್ಸಲ ಹೇಳಿ" ಎಂದು ಕನ್ನಡದಲ್ಲೇ ಹೇಳುತ್ತಿದ್ದೆ. ಅವರು ಇನ್ನೊಂದು ಸಲ ಹೇಳುತ್ತಿದ್ದರು.

ಅವನ ಹಿಂದೆ ಕೋಲೂರಿಕೊಂಡು ಬಂದ ಗಲ್ಲಿಯ ಅಜ್ಜಿಯೊಬ್ಬರು ಏದುಸಿರು ಬಿಡುತ್ತ ಆಂಟಿಯ ಬಾಯಿಗೆ ಕಿವಿ ಹಚ್ಚಿದರು. ಆಮೇಲೆ ನಮ್ಮತ್ತ ತಿರುಗಿ ಹಿಂದಿಯಲ್ಲಿ, "ಕಿಟಕಿಯ ಬಿಸಿಲು ಕಣ್ಣಿಗೆ ಬೀಳ್ತಿದೆಯಂತೆ. ಪರದೆ ಎಳೀರಿ ಅಂತಿದಾಳೆ, ಅಷ್ಟೇ" ಎಂದರು.

ನಾವಿಬ್ಬರೂ ಬೆಚ್ಚಿದೆವು. ನಿನ್ನೆಯಿಂದ ಕೇಳುತ್ತಿದ್ದುದು ಇಷ್ಟನ್ನೇ. ನಾನು ಎದ್ದು ಪರದೆ ಎಳೆದೆ. ಆಂಟಿಯ ಹುಬ್ಬಿನ ಗಂಟು ಸಡಿಲವಾಯಿತು.

ಆಗ ನನಗೆ ಹೊಳೆಯಿತು, ಇದನ್ನು ಈಗಲೇ ಹೇಳಬೇಕು ಎಂದು. ಅಜ್ಜಿಯ ಕೈ ಹಿಡಿದುಕೊಂಡೆ. "ಅವರಿಗೆ ಹೇಳಿ ಅಜ್ಜಿ. ಪಾಟೀಲ ಅಂಕಲ್ ಕೂಡ ಅವತ್ತು ಇಂಥದೇ ಏನೋ ಕೇಳಿರಬಹುದು. ಪರದೆ ಎಳಿ ಅಂದಿರಬಹುದು. ದೊಡ್ಡದೇನೂ ಇರಲಿಕ್ಕಿಲ್ಲ ಅಂತ ಹೇಳಿ."

ಅಜ್ಜಿ ಹೇಳಿದರು. ಆಂಟಿ ನನ್ನನ್ನು ನೋಡಿದರು. ತುಂಬ ಹೊತ್ತು ನೋಡಿದರು. ವಾಲಿದ ಬಾಯಿಯಲ್ಲಿ ಮೆಲ್ಲಗೆ ಏನೋ ಅಂದರು.

"ಗಂಡನ ಹಾಸಿಗೆ ಹತ್ತಿರ ಕಿಟಕಿಯೇ ಇರಲಿಲ್ಲವಂತೆ" ಎಂದರು ಅಜ್ಜಿ.

ಆಂಟಿ ಕಣ್ಣು ಮುಚ್ಚಿ ನಿದ್ದೆಹೋಗುವ ತನಕ, ಪರದೆ ಎಳೆದ ಆ ಕೋಣೆಯಲ್ಲಿ ಅವರ ಕೈ ಹಿಡಿದುಕೊಂಡು ಕೂತಿದ್ದೆ. ನಾನು ಅವರನ್ನು ನೋಡಿದ್ದು ಅದೇ ಕೊನೆ.