ಕಾಳವ್ವನ ಗೋಡೆಯ ಬಟ್ಟಲುಗಳು

ಗುಳೇದಗುಡ್ಡದಲ್ಲಿ ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಒಲೆಗಳಿಗೆ ಇನ್ನೂ ಬೆಂಕಿ ಬಿದ್ದಿಲ್ಲ. ಕಾಳವ್ವ ಆಗಲೇ ಗೋಡೆಯ ಗೂಡುಗಳಲ್ಲಿಟ್ಟ ಮಣ್ಣಿನ ಬಟ್ಟಲುಗಳನ್ನು ಒಂದೊಂದಾಗಿ ತಡವಿ ನೋಡುತ್ತಿದ್ದಾಳೆ. ಕಣ್ಣಿಗೆ ಪೊರೆ ಬಂದಿದೆ. ಇವತ್ತು ಬಾಗಲಕೋಟೆಯ ದವಾಖಾನೆಗೆ ಹೊರಟವಳು. ಮರಳಿ ಬರುವತನಕ ಈ ಗೋಡೆ ಸೊಸೆ ಮುತ್ತವ್ವನ ಕೈಗೆ. ಅದೇ ಅವಳ ಚಿಂತೆ.

ಗಂಡ ತೀರಿದ ಮೇಲೆ ಇಲ್ಲಿ ಒಲೆ ಊದಲು ಬಂದವಳು ಕಾಳವ್ವ. ಓದು ಬಾರದು. ನೇಕಾರರು ಹೇಳಿಹೋದದ್ದನ್ನು ಹಿಡಿದಿಡಲು ಬಟ್ಟಲುಗಳನ್ನು ಜೋಡಿಸಿದಳು. ಪ್ರತಿ ನೇಕಾರನ ಮನೆಗೂ ಒಂದು ಗೂಡು. ಒಂದು ಬಟ್ಟಲಲ್ಲಿ ಹರಳು: ಬಂದ ನೂಲಿನ ಲಡಿಗೊಂದು. ಇನ್ನೊಂದರಲ್ಲಿ ದಾರ: ಮಗ್ಗಕ್ಕೆ ಉದ್ದೆಳೆಗಳ ಹಾಸು ಎಷ್ಟು ಉದ್ದ ಬೇಕೋ, ಗಜಕ್ಕೆ ಬೆರಳಗಲದ ಲೆಕ್ಕದಲ್ಲಿ ಕತ್ತರಿಸಿದ್ದು. ಮತ್ತೊಂದರಲ್ಲಿ ನೂಲಿಗೆ ಹಾಕಬೇಕಾದ ಬಣ್ಣದ ಎಳೆ. ಕೆಲಸ ಮುಗಿದರೆ ನಾಲ್ಕನೆಯದು ಬೋರಲು, ಇಲ್ಲದಿದ್ದರೆ ನೆಟ್ಟಗೆ, ನಡುವಿನದೇನೂ ಇಲ್ಲ.

“ಗೂಡು ನೇಕಾರ ಹುಚ್ಚೇಶಂದೇ ಇರ್ತದ್ರಿ, ಒಳಗಿಂದು ಬದಲಾಗ್ತದ,” ಎನ್ನುತ್ತಾಳೆ. “ಹೊಸಾದು ಇಡೂ ಮುಂದ ಹಳೇದು ತಗೀಬೇಕು. ಹರಳಿನ ಜಾಗಾದಾಗ ಹರಳ, ದಾರದ ಜಾಗಾದಾಗ ದಾರ.”

ಹೋದ ವಾರ ಮುತ್ತವ್ವ, ದಾರ ತೊಡಕಾಗುತ್ತದೆಂದು, ಅದೇ ಹುಚ್ಚೇಶನ ಗೂಡಿನಲ್ಲಿ ಅದರ ಬದಲು ಗಜಕ್ಕೊಂದು ಹರಳಿಟ್ಟಿದ್ದಳು. ಕೊನೆಯ ಅರ್ಧ ಗಜಕ್ಕೆ ಹರಳೆಲ್ಲಿಯದು? ಹಾಸು ಗಿಡ್ಡಾಯಿತು, ಕುಪ್ಪಸದ ಕಡೆಯ ಖಣ ನಡುವೆಯೇ ನಿಂತಿತು. “ನಿನ್ನ ಸೊಸಿ ಅರ್ಧ ಗಜ ನುಂಗ್ಯಾಳ!” ಎಂದು ಹುಚ್ಚೇಶ ಓಣಿಗೆಲ್ಲ ಕೇಳುವಂತೆ ಕೂಗಾಡಿದ. ಇನ್ನೊಮ್ಮೆ ತಪ್ಪಿದರೆ ನೇಕಾರರು ನೂಲನ್ನು ಬೇರೆ ಕಡೆ ಒಯ್ಯುತ್ತಾರೆ.

ಹೊತ್ತು ಮೂಡುವಾಗ ಹುಚ್ಚೇಶನೇ ನೂಲು ಹೊತ್ತು ಬರುತ್ತಾನೆ.

“ಏನವಾ ಮುತ್ತವ್ವಾ, ಇವತ್ತ ಏನ ನುಂಗ್ತಿ?”

“ನಿಮ್ಮ ಮಾತು ನುಂಗೀನಲ್ರಿ ಕಾಕಾ, ಅದರಾಗ ಹೊಟ್ಟಿ ತುಂಬೇದ.”

ಮುತ್ತವ್ವ ಹರಳು ಹಾಕುತ್ತಾಳೆ, ದಾರ ಅಳೆದು ಕತ್ತರಿಸುತ್ತಾಳೆ, ಹಳೆಯ ಕೆಂಪು ಎಳೆ ತೆಗೆಯುತ್ತಾಳೆ. ಕಾಳವ್ವ ಆ ಸದ್ದಿಗೆ ಕಿವಿಗೊಡುತ್ತಾಳೆ.

“ಬಣ್ಣ ಯಾವುದ್ರಿ?” ಎಂದು ಮುತ್ತವ್ವ ಕೇಳುತ್ತಾಳೆ.

“ಖಣ ಕೊಳ್ಳೂ ಸಾವುಕಾರ್ರು ಇನ್ನೂ ಹೇಳಿಲ್ಲ. ಸದ್ಯಕ್ಕ ಒಂದ ಬಿಳಿ ಎಳಿ ಇಟ್ಟಿರು.”

ಎಳೆ ಎತ್ತಿಕೊಂಡ ಮುತ್ತವ್ವನ ಕೈ ತಡೆಯುತ್ತದೆ. “ಬ್ಯಾಡ್ರಿ. ಬಿಳೀನೂ ಒಂದ ಬಣ್ಣನ. ಇಟ್ರ ಒಲಿ ಮುಂದಿನವ್ರು ಬಿಳೀ ಹಾಸೇ ಮಾಡಿಬಿಡ್ತಾರ. ನೀವು ಹೇಳೂತನಕ ಬಟ್ಟಲಾ ಖಾಲಿ ಇರ್ಲಿ.”

ಕಾಳವ್ವ ಆ ಬಟ್ಟಲಿಗೆ ಬೆರಳಿಳಿಸಿ ನೋಡುತ್ತಾಳೆ. ಏನೂ ಇಲ್ಲ. ಚೀಲ ಎತ್ತಿಕೊಂಡು ಮೋಟಾರಿಗೆ ಹೊರಡುತ್ತಾಳೆ.

“ಕಣ್ಣು ಬಂದ್ರ ಬರ್ಲಿ, ಬಿಟ್ರ ಬಿಡ್ಲಿ,” ಎನ್ನುತ್ತಾಳೆ ಹೊಸ್ತಿಲಲ್ಲಿ ಹುಚ್ಚೇಶನಿಗೆ. “ಈಗ ಸೊಸಿ ಬಟ್ಟಲಾ ಖಾಲಿ ಬಿಟ್ಲಲ್ರಿ, ಅದು ನಾ ಹೇಳಿಕೊಟ್ಟಿದ್ದಲ್ಲ.”